ಮೇಲ್ಮಿತಿ ಮುಟ್ಟಿದ ವರ್ಷ

ಗ್ಯಾಲಿಪೊಲಿಸ್, ಓಹಾಯೊ
ಶನಿವಾರ, ಡಿಸೆಂಬರ್ 6, 2025

ನನ್ನ ಮುದ್ದು ಲೊರೇನ್,

ನಿನ್ನ ಬೆನ್ನುನೋವು ಹೇಗಿದೆ? ವಾಂಡಾಳ ಸೊಂಟದ ಮೂಳೆ ಕೂಡಿಕೊಂಡಿತೇ, ಕೋಲು ಹಿಡಿದು ಅಡುಗೆಮನೆಯವರೆಗಾದರೂ ನಡೆಯುತ್ತಾಳೆಯೇ? ಅಕ್ಕನೆಂದು ಅವಳನ್ನು ನೀನೊಬ್ಬಳೇ ಎತ್ತಿ ಕೂರಿಸಲು ಹೋಗಬೇಡ. ನಾನು ಚೆನ್ನಾಗಿದ್ದೇನೆ. ನೀನು ಮಾಡಿಟ್ಟು ಹೋದ ಬೀನ್ಸ್ ಸೂಪು ಮುಗಿದು, ಈಗ ಮೂರು ಹೊತ್ತೂ ಮೊಟ್ಟೆ. ಈ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಾಂಡಾ ಪಕ್ಕದಲ್ಲಿ ಕಿವಿಗೊಟ್ಟು ಕೂತಿರುತ್ತಾಳೆ, ನನಗೆ ಮಾತು ತಡವರಿಸುತ್ತದೆ.

ಗುರುವಾರ ನಮ್ಮ ತೆರಿಗೆ ಲೆಕ್ಕ ನೋಡುವ ಟ್ವೈಲಾ ಪ್ರುಯಿಟ್ ಹತ್ತಿರ ಹೋಗಿದ್ದೆ. ನಾಟಕಶಾಲೆಯ ಆರುನೂರ ನಲವತ್ತು ಕುರ್ಚಿಗಳಿಗೆ ಹೊಸ ಹೊದಿಕೆ ಹಾಕಿದ ದುಡ್ಡು ಪೂರ್ತಿ ಬಂದಿದೆಯಲ್ಲ, ಅದರಲ್ಲಿ ತೆರಿಗೆಗೆಷ್ಟು ಹೋಗುತ್ತದೆ ಎಂದು ಕೇಳಿ, ಉಳಿದದ್ದರಲ್ಲಿ ಹೊಸ ಟ್ರಕ್ ತರೋಣವೆಂದಿದ್ದೆ. ಅವಳು ಕನ್ನಡಕ ಮೂಗಿನ ತುದಿಗೆ ಇಳಿಸಿ, ಮುಪ್ಪಿಗೆಂದು ಏನು ಇಟ್ಟಿದ್ದೀಯ ಎಂದು ಕೇಳಿದಳು. ಏನೂ ಇಲ್ಲ ಎಂದೆ. ನಮ್ಮಂಥ ಸ್ವಂತ ಕಸುಬಿನವರಿಗೆ ಅದನ್ನೆಲ್ಲ ಕಟ್ಟುವ ಧಣಿ ಎಲ್ಲಿದ್ದಾನೆ, ನನಗಾಗಲೇ ಅರವತ್ತೆರಡು, ಕಾಲ ಮಿಂಚಿತು ಎಂದೆ. ಅವಳು ನಕ್ಕೇಬಿಟ್ಟಳು. "ಧಣೀನೂ ನೀನೇ, ಕೂಲಿಯಾಳೂ ನೀನೇ ಕಣಯ್ಯಾ. ಎರಡು ಜೇಬಿಂದ್ಲೂ ಹಾಕಬಹುದು. ಕಾಲ ಮಿಂಚಿಲ್ಲ, ಸರಿಯಾದ ಹೊತ್ತಿಗೇ ಬಂದಿದ್ದೀಯ," ಎಂದಳು.

ಐವತ್ತು ದಾಟಿದವರು ನಿವೃತ್ತಿ ಖಾತೆಗೆ ಉಳಿದವರಿಗಿಂತ ಹೆಚ್ಚು ಹಾಕಬಹುದಂತೆ. ಅರವತ್ತರಿಂದ ಅರವತ್ತಮೂರರವರೆಗಿನವರಿಗೆ ಅದಕ್ಕೂ ಹೆಚ್ಚು. ಅರವತ್ತನಾಲ್ಕಾಯಿತೋ, ಬಾಗಿಲು ಮತ್ತೆ ಕಿರಿದು. ನಾನು ಸರಿಯಾಗಿ ಆ ಬಾಗಿಲಲ್ಲೇ ನಿಂತಿದ್ದೇನೆ, ಲೊರೇನ್! ಕೂಲಿಯಾಳಿನ ಜೇಬಿನಿಂದಲೇ ಈ ವರ್ಷ ಮೂವತ್ತನಾಲ್ಕು ಸಾವಿರದ ಏಳುನೂರ ಐವತ್ತು ಡಾಲರ್. ಅವಳು ಒಂದೊಂದೇ ಅಂಕಿ ಬರೆದು ಕೂಡಿದಳು. ಹಾಗಾದರೆ ಇನ್ನೂ ಒಂದು ಸಾವಿರ ಸೇರಿಸು ಎಂದೆ. ಅವಳು ಪೆನ್ನು ಕೆಳಗಿಟ್ಟಳು. "ಸಾಕು ಮಾರಾಯಾ. ಆ ಜೇಬಿಂದ ಇದಕ್ಕಿಂತ ಒಂದು ಡಾಲರ್ ಹೆಚ್ಚಾದ್ರೂ ಕಾನೂನು ಒಪ್ಪಲ್ಲ."

ನನಗೆ ಏನಾಯಿತೋ ತಿಳಿಯದು, ಅಲ್ಲೇ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡೆ. ಹುಟ್ಟಿದಂದಿನಿಂದ ನನಗೆ ಎಲ್ಲರೂ ಹೇಳಿದ್ದು ಇಷ್ಟು ಸಾಲದು ಎಂದೇ. ಸಾಕು ಎಂದು ಹೇಳಿದವಳು ಟ್ವೈಲಾ ಒಬ್ಬಳೇ. ಬೀದಿಗಿಳಿದವನು ಕ್ಷೌರದಂಗಡಿಯ ರಾಯ್ಸ್‌ಗೆ ಹೇಳದೇ ಇರಲಾಗಲಿಲ್ಲ. ಟ್ರಕ್ ಬಿಟ್ಟು ಕಾಗದ ಕೊಂಡವನನ್ನು ಇವತ್ತೇ ನೋಡಿದ್ದು ಎಂದು ಅಣಕಿಸಿದ. ಅಣಕಿಸಲಿ. ಹಳೆಯ ಟ್ರಕ್ ಇನ್ನೂ ನಾಲ್ಕು ವರ್ಷ ಕೆಮ್ಮುತ್ತ ಓಡುತ್ತದೆ. ನನ್ನ ಬಲಗೈ ಹೆಬ್ಬೆರಳು ಈಗಲೇ ಬೆಳಗ್ಗೆ ಮರಗಟ್ಟುತ್ತದೆ. ಸಾಯುವವರೆಗೂ ಸುತ್ತಿಗೆ ಬಡಿಯಬೇಕೆಂದುಕೊಂಡವನಿಗೆ, ಅರವತ್ತೇಳಕ್ಕೆ ಕೆಳಗಿಡಬಹುದು ಎಂಬುದೇ ನಿದ್ದೆ ಕೆಡಿಸುವಷ್ಟು ಸಂತೋಷ.

ವಾಂಡಾಗೆ ನನ್ನ ಪ್ರೀತಿ ತಿಳಿಸು, ಬೇಗ ಗುಣವಾಗಲೆಂದು ದಿನಾ ಪ್ರಾರ್ಥಿಸುತ್ತಿದ್ದೇನೆ. ದೇವರು ನಿನ್ನ ಬೆನ್ನನ್ನೂ ಕಾಯಲಿ.

ಎಂದೆಂದೂ ನಿನ್ನವನೇ,
ಡಾರೆಲ್

ಮ.ಮ: ಅಂಚೆಯವನು ಬರುವ ಹೊತ್ತಾಯಿತು, ಮುಖ್ಯವಾದದ್ದನ್ನೇ ಬರೆದಿಲ್ಲ. ನಾನು ಹೊರಡಲು ಎದ್ದಾಗ ಟ್ವೈಲಾ ಕೇಳಿದಳು, "ಆ ಆರುನೂರು ಚಿಲ್ಲರೆ ಹೊದಿಕೆ ಹೊಲಿದದ್ದು ಯಾರು?" ಲೊರೇನ್ ಎಂದೆ. "ಅವಳ ಸಂಬಳ?" ಮೂವತ್ತೊಂದು ವರ್ಷ ನೀನು ಹೊಲಿದಿದ್ದೀಯ, ಒಂದು ದಿನವೂ ಸಂಬಳ ಕೊಟ್ಟಿಲ್ಲ ಎಂದು ಒಪ್ಪಿಕೊಂಡೆ. ಹೋದ ವರ್ಷಗಳನ್ನು ಕಾನೂನಿನಲ್ಲಿ ತಿದ್ದಲು ಬರುವುದಿಲ್ಲವಂತೆ. ಈ ವರ್ಷದ್ದು ಬರುತ್ತದೆ. ನಿನ್ನ ಚೆಕ್ಕು ಈ ಲಕೋಟೆಯಲ್ಲೇ ಇದೆ, ನಿನ್ನೊಬ್ಬಳ ಹೆಸರಿಗೆ. ಜೊತೆಗೆ ನಿನ್ನದೇ ಖಾತೆ ತೆರೆಯುವ ಕಾಗದ. ನಿನಗೂ ಅರವತ್ತೊಂದು, ನಿನಗೂ ಅದೇ ಬಾಗಿಲು. ಒಪ್ಪಿಗೆಯಾದರೆ ಸಹಿ ಮಾಡಿ ಇಪ್ಪತ್ತರೊಳಗೆ ಕಳಿಸು. ಎಷ್ಟು ಕೂಡಿಡಬೇಕು, ಎಷ್ಟು ಖರ್ಚು ಮಾಡಬೇಕು ಎಂಬುದನ್ನು ನೀನೇ ಹೇಳಬೇಕು, ನಾನು ತುಟಿ ಬಿಚ್ಚಬಾರದು ಎಂದು ಟ್ವೈಲಾ ಕಟ್ಟಪ್ಪಣೆ ಮಾಡಿದ್ದಾಳೆ. ಬಿಚ್ಚುವುದಿಲ್ಲ.