ಬೆರಳಿಗೆ ಟೇಪು ಸುತ್ತುವ ಬಗೆ

ಪ್ರೀತಿಯ ಅಪ್ಪಾ,

ನೀನು ತೀರಿಹೋದ ಮೇಲೂ ನಿನಗೆ ಕಾಟ ಕೊಡುತ್ತಿದ್ದೇನೆ, ಸಾರಿ. ಇದನ್ನು ಕೇಳಲು ಬೇರೆ ಯಾರೂ ಇಲ್ಲ.

ಮಧ್ಯಾಹ್ನ ನಿಮ್ಮ ಬ್ಯಾಂಡಿನ ಡ್ರಮ್ಮರ್ ನೈಜೆಲ್ ಅಂಕಲ್ ಹಾಸ್ಟೆಲಿಗೆ ಬಂದಿದ್ದರು. ಅರವತ್ತಾದರೂ ಕೂದಲು ಹುಂಜದ ಜುಟ್ಟಿನಂತೆ ನೆಟ್ಟಗಿದೆ. ವಾರ್ಡನ್ ಹೆದರಿ ಐಡಿ ಕೇಳಿದರು. ನನ್ನ ಅರ್ಧ ರೂಮು ತುಂಬಿರುವ ಆಳೆತ್ತರದ ಪಿಟೀಲಿನಂಥ ನಿನ್ನ ಡಬಲ್ ಬಾಸನ್ನು ಒಯ್ಯಲು ಬಂದಿದ್ದಾರೆ ಅಂದುಕೊಂಡೆ.

"ಅದರ ಜೊತೆ ನೀನೂ ಬಾರೇ. ಶನಿವಾರ ಮಾರ್ಗೇಟ್ ಊರಲ್ಲಿ ನಮ್ಮ ಕೊನೇ ಶೋ. ನಿಮ್ಮಪ್ಪನ ಒಂದು ಹಾಡಿಗೆ ನೀನೇ ಬಾರಿಸ್ಬೇಕು."

"ಅಂಕಲ್, ನಾನು ಸ್ಕೂಲಲ್ಲಿ ಕಲ್ತಿದ್ದು ಕೂತು ಕಮಾನಲ್ಲಿ ನುಡಿಸೋ ಚೆಲ್ಲೊ!"

"ಪಂಕ್ ರಾಕ್‌ನೂ ಹಳೇ ರಾಕಬಿಲಿ ಸಂಗೀತಾನೂ ಕಲಸಿ ಕುಣಿಸಿದ ನಾವೇನು ಸ್ಕೂಲಿಗೆ ಹೋಗಿ ಕಲ್ತ್ವಾ? ತಂತಿ ಎಳೆದು ಬಿಡು, ಬಾಸಿನ ಕುತ್ತಿಗೆ ಹಲಗೆಗೆ ಫಟ್ಟಂತ ಬಡೀಲಿ. ನಿಮ್ಮಪ್ಪ ಮೂವತ್ತು ವರ್ಷ ಮಾಡಿದ್ದು ಅಷ್ಟೇ!"

ಹೂಂ ಅಂದುಬಿಟ್ಟೆ. ತಂತಿ ಎಳೆದೆಳೆದು ಸಂಜೆಯೊಳಗೆ ಎರಡು ಬೆರಳಲ್ಲೂ ಬೊಬ್ಬೆಗಳು ಎದ್ದಿವೆ. ಪ್ರತಿ ರಜೆಯಲ್ಲೂ ನೀನು, ತಂತಿ ಕೊರೆಯದಿರಲೆಂದು ಬೆರಳಿಗೆ ಸುತ್ತಿಕೊಳ್ಳುವ ಟೇಪಿನ ಸುರುಳಿ ಹಿಡಿದು, "ಸುತ್ತೋದು ತೋರಿಸ್ಲಾ, ಪುಟ್ಟಿ?" ಅನ್ನುತ್ತಿದ್ದೆ. ನನಗೆ ಯಾವಾಗಲೂ ಹೋಮ್‌ವರ್ಕ್ ಇರುತ್ತಿತ್ತು.

ಅಪ್ಪಾ, ಟೇಪನ್ನು ಬೆರಳ ತುದಿಯಿಂದ ಸುತ್ತಬೇಕೋ, ಬುಡದಿಂದಲೋ? ಶನಿವಾರದೊಳಗೆ ಬರೆದು ತಿಳಿಸು.

ನಿನ್ನ ಲೊರೆಟ್ಟ