ಆಚೆ ಕಳಿಸಿದ್ವಿ

ಮಾರ್ಚ್ 4, ಸೋಮವಾರ

ಇವತ್ತೂ ಅದೇ. ಬ್ರ್ಯಾಕೆಟ್, ರಾಡ್, ಹುಕ್ಕು, ಪರದೆ. ಏಣಿ ಹತ್ತು, ಇಳಿ. ಈ ಊರಿನ ಉಪ್ಪುಗಾಳಿಗೆ ಸ್ಕ್ರೂ ಎಲ್ಲ ಬೇಗ ತುಕ್ಕು ಹಿಡಿಯುತ್ತವೆ. ನಮ್ಮಂಥವರಿಗೆ ಕೆಲಸ ತಪ್ಪುವುದಿಲ್ಲ. ಸಮುದ್ರಕ್ಕೆ ಥ್ಯಾಂಕ್ಸ್ ಹೇಳಬೇಕು.

ಸಂಜೆ ಅಂಗಡಿಯಲ್ಲಿ ನಗೆಪಾಟಲಾದೆ. ಮೇಸ್ತ್ರಿ ಬಂದು, "ನಾಳೆಯಿಂದ ನಿಂಗೆ ಆಚೆ ಕೆಲಸ" ಅಂದ. ಬಂದು ತಿಂಗಳಾಗಿಲ್ಲ, ಆಗಲೇ ಆಚೆ ಹಾಕಿದರಲ್ಲ! "ನಾನೇನ್ ತಪ್ಪು ಮಾಡ್ದೆ ಸಾರ್?" ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸೇತುವೆ ದಾಟಿದರೆ ಸಿಗುವ ದುಡ್ಡಿನವರ ಬಡಾವಣೆಗೆ ಈ ಊರಲ್ಲಿ 'ಆಚೆ' ಅನ್ನುತ್ತಾರಂತೆ. ಅದಕ್ಕೊಂದು ಹೆಸರಿದೆ, ಬೋರ್ಡಿನ ಮೇಲೆ ಮಾತ್ರ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಕ್ಕೂ ನಕ್ಕೂ ಕೆಮ್ಮು ಬಂತು ಅವಳಿಗೆ. ಆ ಕೆಮ್ಮು ಬೇಗ ನಿಲ್ಲಲಿಲ್ಲ.

ಮಾರ್ಚ್ 7, ಗುರುವಾರ

ಆಚೆಯ ಮನೆಗಳು — ಗೇಟಿಂದ ಬಾಗಿಲಿಗೆ ನಡೆಯುವಷ್ಟರಲ್ಲಿ ನಮ್ಮ ಬೀದಿ ಮುಗಿದಿರುತ್ತದೆ. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗಿಡಗಳಿಗೂ ಕ್ಷೌರ. ಸಮುದ್ರ ಕಾಣಲಿ ಅಂತ ಗೋಡೆಯಷ್ಟು ಗಾಜು ಹಾಕಿಸಿರುತ್ತಾರೆ. ಆಮೇಲೆ ಬಿಸಿಲು ಜಾಸ್ತಿ ಅಂತ ನನ್ನನ್ನು ಕರೆಸಿ ಮುಚ್ಚಿಸುತ್ತಾರೆ. ಕಡಲೆ ಇದ್ದಲ್ಲಿ ಹಲ್ಲಿಲ್ಲ. ನಾವಿರುವುದು ಲಾಂಡ್ರಿಯ ಮೇಲಿನ ರೂಮಿನಲ್ಲಿ. ಕಿಟಕಿ ತೆಗೆದರೆ ಪಕ್ಕದ ಗೋಡೆ, ಕೆಳಗಿನಿಂದ ಬಿಸಿ ಹಬೆ.

ಇವತ್ತಿನ ಮನೆಯಾಕೆ, "ಶೂ ಬಿಚ್ಚಿ. ಏಣಿಗೂ ಬಟ್ಟೆ ಸುತ್ತಿ" ಅಂದಳು. ಸುತ್ತಿದೆ. ನನಗಿಂತ ಏಣಿಗೇ ಮರ್ಯಾದೆ ಹೆಚ್ಚು.

ಹೆಂಡತಿ ದಿನಾ ಆ ಮನೆಗಳ ಬಗ್ಗೆ ಕೇಳುತ್ತಾಳೆ. ನಾನು ಚೆನ್ನಾಗಿದೆ ಅಂದರೆ ಸಿಟ್ಟು. "ಸುಮ್ನೆ ಚೆನ್ನಾಗಿದೆ ಅನ್ಬೇಡಿ. ಬಾಗಿಲಿಂದ ಶುರು ಮಾಡಿ." ಬಾಗಿಲಿಂದ ಶುರು ಮಾಡಿದೆ. ಅಡುಗೆಮನೆ ತಲುಪುವ ಹೊತ್ತಿಗೆ ನಿದ್ದೆ ಹೋಗಿದ್ದಳು. ಮೈ ಬೆಚ್ಚಗಿತ್ತು. ಭಾನುವಾರ ಆಚೆ ಕರೆದುಕೊಂಡು ಹೋಗುತ್ತೇನೆಂದು ಒಪ್ಪಿಕೊಂಡಿದ್ದೇನೆ.

ಮಾರ್ಚ್ 17, ಭಾನುವಾರ

ಹೋಗಲಿಲ್ಲ. ಹೋದ ಭಾನುವಾರವೂ ಇಲ್ಲ, ಈ ಭಾನುವಾರವೂ ಇಲ್ಲ. ಇವಳು ಊರಿನ ದೊಡ್ಡಾಸ್ಪತ್ರೆಯಲ್ಲಿ ಅಡ್ಮಿಟ್. ಶ್ವಾಸಕೋಶದಲ್ಲಿ ಸೋಂಕಂತೆ. ಸಂಜೆ ಐದರಿಂದ ಆರರವರೆಗೆ ಮಾತ್ರ ಒಳಗೆ ಬಿಡುತ್ತಾರೆ.

ಕೈ ಹಿಡಿದುಕೊಂಡು ಅಂದಳು: "ಈ ಊರಲ್ಲಿ ನೀವು ಬಿಟ್ರೆ ನಂಗೆ ಒಂದು ನಾಯೀನೂ ಪರಿಚಯ ಇಲ್ಲ. ಏನಾದ್ರೂ ಆದ್ರೆ ಪಕ್ಕದಲ್ಲಿರಿ. ಅಷ್ಟು ಸಾಕು."

"ಇರ್ತೀನಿ ಕಣೇ."

"ಬಾಯಿಮಾತಿಗಲ್ಲ."

"ಇರ್ತೀನಿ ಅಂದ್ನಲ್ಲ."

ಭಯವಾಗುತ್ತಿದೆ. ಯಾರಿಗೆ ಹೇಳಲಿ. ಇವಳಿಗೇ ಹೇಳಿ ಅಭ್ಯಾಸ.

ಮಾರ್ಚ್ 20, ಬುಧವಾರ

ಜ್ವರ ಇಳಿದಿದೆ. ಡಾಕ್ಟರು, "ಹೀಗೇ ಇದ್ರೆ ಇನ್ನೆರಡು ದಿನದಲ್ಲಿ ಮನೆಗೆ" ಅಂದರು. ಮೇಸ್ತ್ರಿ ರಜೆ ಕೊಡಲಿಲ್ಲ. ಆಚೆ ದೊಡ್ಡ ಮನೆಯ ಕೆಲಸ ಬಾಕಿ ಇದೆಯಂತೆ. ಫೋನ್ ಬಂದರೆ ಹೊರಡು ಅಂದ. ಅಷ್ಟಾದರೂ ಅಂದನಲ್ಲ.

ಮಾರ್ಚ್ 22, ಶುಕ್ರವಾರ, ಸಂಜೆ 4

ಆಸ್ಪತ್ರೆ ಗೇಟಿನ ಬೆಂಚು. ಡಿಸ್ಚಾರ್ಜ್ ಆದವರು ಕೂರುವುದು ಇಲ್ಲೇ. ಇನ್ನೂ ಬಂದಿಲ್ಲ. ಕಾಗದಪತ್ರ ಮುಗಿಯಬೇಕಲ್ಲ... ಈ ಆಸ್ಪತ್ರೆ ಹೇನು ಕುಕ್ಕಿದ ಹಾಗೆ ಕೆಲಸ ಮಾಡುತ್ತದೆ.

ಮಧ್ಯಾಹ್ನ ಏಣಿಯ ಮೇಲಿದ್ದೆ. ಕೆಳಗೆ ಡ್ರಿಲ್ಲಿನ ಗದ್ದಲ. ನರ್ಸಮ್ಮನ ಫೋನ್: "ನಿಮ್ಮ ಪೇಷೆಂಟ್‌ನ ಆಚೆ ಕಳಿಸಿದ್ವಿ. ಬೇಗ ಬನ್ನಿ." ಬಂದೆ ಬಂದೆ ಅಂದೆ. ಪರದೆ ಅರ್ಧ ನೇತಾಡುತ್ತಿದ್ದ ಹಾಗೇ ಬಿಟ್ಟು ಓಡಿದೆ. ಬಸ್ಸಿನಲ್ಲಿ ಒಬ್ಬನೇ ನಗುತ್ತಿದ್ದೆ, ಪಕ್ಕದವನು ಸೀಟು ಬದಲಿಸಿದ.

ಸೇತುವೆ ಮೇಲೆ ಮುಕ್ಕಾಲು ಗಂಟೆ ಜಾಮ್. ಸಾಲದ್ದಕ್ಕೆ ಎದುರಿಂದ ಒಂದು ಆಂಬುಲೆನ್ಸ್. ಅದಕ್ಕೆ ದಾರಿ ಬಿಡಲು ನಮ್ಮ ಬಸ್ಸು ಪಕ್ಕಕ್ಕೆ ಸರಿದು ನಿಂತೇ ನಿಂತಿತು. ಎಲ್ಲರ ಜೊತೆ ನಾನೂ ಗೊಣಗಿದೆ.

ಐದಕ್ಕೆ ಮುಂಚೆ ಮೇಲೆ ಬಿಡುವುದಿಲ್ಲ ಅಂದ ಗಾರ್ಡ್. ಬಿಡದಿರಲಿ. ಅವಳೇ ಇಳಿದು ಬರುತ್ತಾಳೆ.

ಮಾರ್ಚ್ 23, ಶನಿವಾರ

ಬರೆಯಲೇಬೇಕು. ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ಐದಕ್ಕೆ ಮೇಲೆ ಹೋದೆ. ಅವಳ ಹಾಸಿಗೆಯಲ್ಲಿ ಯಾರೋ ಅಜ್ಜಿ. ನರ್ಸಮ್ಮ ನನ್ನನ್ನು ನೋಡಿ ಬೆಚ್ಚಿದಳು. "ನೀವು ಇಲ್ಲಿ ಯಾಕಿದೀರಾ? ಆಚೆ ಕಳಿಸಿದ್ವಿ ಅಂದ್ನಲ್ಲ! ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಉಸಿರಾಟ ಕೆಟ್ಟೋಯ್ತು, ಇಲ್ಲಿ ವೆಂಟಿಲೇಟರ್ ಖಾಲಿ ಇರ್ಲಿಲ್ಲ. ನೀವು ಅಲ್ಲೇ ಕೆಲಸ ಮಾಡೋದು, ನಡ್ಕೊಂಡೇ ಹೋಗ್ಬಿಡ್ತೀರಾ ಅನ್ಕೊಂಡೆ."

ನಡೆದುಕೊಂಡೇ ಹೋಗಬಹುದಿತ್ತು. ಆಚೆಯ ಆಸ್ಪತ್ರೆ ಇರುವುದು ನಾನು ಪರದೆ ಹಾಕುತ್ತಿದ್ದ ಮನೆಯ ಹಿಂದಿನ ರಸ್ತೆಯಲ್ಲಿ.

ಆ ಮಾತಿನ ಅರ್ಥ ನನಗೆ ಗೊತ್ತಿತ್ತು. ಮೂರು ವಾರದಿಂದ ದಿನಾ ನನ್ನ ಬಾಯಲ್ಲೇ ಇತ್ತು. ಆದರೂ ನನಗೆ ಬೇಕಾದ್ದನ್ನೇ ಕೇಳಿಸಿಕೊಂಡೆ. ನನ್ನ ಕಿವಿಗೆ ಬೆಂಕಿ ಬೀಳ.

ತಲುಪಿದಾಗ ಏಳು. ಬಾಯಿಗೆ ಕೊಳವೆ, ಕಣ್ಣು ಮುಚ್ಚಿದೆ. ಅಲ್ಲಿನ ನರ್ಸ್ ಮೆಲ್ಲಗೆ ಹೇಳಿದಳು, "ಕೊಳವೆ ಹಾಕೋ ತನಕ ಎಚ್ಚರ ಇತ್ತು. ನಿಮ್ಮನ್ನೇ ಕೇಳ್ತಿದ್ರು. ಬರ್ತಿದಾರೆ, ಹತ್ತಿರದಲ್ಲೇ ಇದಾರೆ ಅಂತ ಹೇಳ್ತಾನೇ ಇದ್ವಿ."

ಆಂಬುಲೆನ್ಸಿಗೆ ಗೊಣಗಿದೆನಲ್ಲ. ದೇವರೇ.

ಮಾರ್ಚ್ 24

ಬೆಳಗ್ಗೆ ಹೋದಳು. ಕಣ್ಣು ಬಿಡಲೇ ಇಲ್ಲ.

ಏಪ್ರಿಲ್ 1, ಸೋಮವಾರ

ಮೇಸ್ತ್ರಿ ಬಂದಿದ್ದ. ಬೇಕಾದಾಗ ಬಾ ಅಂದ. ಇನ್ನು ಮೇಲೆ ಈ ಕಡೆಯ ಕೆಲಸವನ್ನೇ ಕೊಡುತ್ತಾನಂತೆ. ಒಳ್ಳೆಯವನು. ಯಾವ ಕಡೆಯಾದರೇನು.

ಸಂಜೆ ಅವಳ ಅಕ್ಕನ ಫೋನ್. ಕಾಲು ಮುರಿದುಕೊಂಡು ಮಲಗಿದ್ದಾಳೆ, ಬರಲಾಗಲಿಲ್ಲ. ಅತ್ತಳು. ಆಮೇಲೆ, "ನೀವು ಪಕ್ಕದಲ್ಲಿದ್ರಲ್ಲ, ಅದೊಂದೇ ಸಮಾಧಾನ ನಂಗೆ" ಅಂದಳು.

"ಇದ್ದೆ" ಎಂದೆ.

"ಮಾತಾಡಿದ್ಲಾ?"

"ಮಾತಾಡಿದ್ಲು."

"ಏನಂದ್ಲು ಹೇಳಿ. ಅವಳು ಅಂದ ಹಾಗೇ ಹೇಳಿ."

ಈಗ ಬೇಡ ಅಕ್ಕಾ, ನಾಳೆ ಹೇಳ್ತೀನಿ ಅಂದು ಫೋನ್ ಇಟ್ಟೆ. ಬೆಳಗಾಗುತ್ತಲೇ ಮಾಡುತ್ತಾಳೆ, ಬಿಡುವವಳಲ್ಲ. ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು. ಒಂದು ಪದ ಹೆಚ್ಚುಕಮ್ಮಿಯಾದರೂ ಅಕ್ಕನಿಗೆ ಗೊತ್ತಾಗಿಬಿಡುತ್ತದೆ. ಮೊದಲೇ ಬರೆದಿಟ್ಟುಕೊಂಡರೆ ತಡವರಿಸುವುದಿಲ್ಲ. ಅವಳು ಹೇಳಿದ್ದು —