ಹಿಟ್ಟಿನ ಕೋಣೆಗೆ ಬಂದ ಚಾಂಪಿಯನ್ನರು

ನಮ್ಮ ತಂಡದ ಹೆಣ್ಣುಮಕ್ಕಳಿಗೆ ಆಶೀರ್ವಾದ; ಮೈದಾನ ಬಿಟ್ಟುಕೊಟ್ಟ ಹಿರಿಯರಿಗೆ ವಂದನೆ.

"ನಮ್ಮ ಇಂಥ ಇಳಿಜಾರು ಮೈದಾನದಲ್ಲಿ ಆಡೋಕೆ ಯಾರು ಬರ್ತಾರೆ ಸರ್?" ಎಂದು ರಾಷ್ಟ್ರೀಯ ಫುಟ್‌ಬಾಲ್ ಕಪ್‌ಗೆ ಹೆಸರು ಕೊಡಲು ನೀವು ಹಿಂಜರಿದಿರಿ. ನಮ್ಮಲ್ಲಿಯಂತೆ, ನಾನು ಮಂಡಿ ಚಿಕಿತ್ಸೆಗೆ ಬಂದಿರುವ ಈ ದೇಶದ ಕಪ್‌ನಲ್ಲಿಯೂ ಯಾರ ಮೈದಾನದಲ್ಲಿ ಆಟವೆಂಬುದನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ನಿನ್ನೆ ಕಳೆದ ವರ್ಷದ ಚಾಂಪಿಯನ್ನರೇ ಬೇಕರಿ ಕೆಲಸಗಾರ್ತಿಯರ ತಂಡದ ಮೈದಾನಕ್ಕೆ ಬರಬೇಕಾಯಿತು. ಅದು ನಮ್ಮದಕ್ಕಿಂತಲೂ ಇಳಿಜಾರು. ಬಟ್ಟೆ ಬದಲಿಸಲು ಬೇಕರಿಯ ಹಿಟ್ಟಿನ ಕೋಣೆಯೇ ಗತಿ. ಬಾಗಿಲಲ್ಲಿ ಬೇಕರಿ ತಂಡದ ಗೋಲ್‌ಕೀಪರಳ ಅಜ್ಜಿ ಚಾಂಪಿಯನ್ನರ ನಾಯಕಿಯನ್ನು ತಡೆದು, "ಬೂಟು ಹೊರಗೆ ಬಿಡಮ್ಮ, ಈಗಷ್ಟೇ ನೆಲ ಒರೆಸಿದ್ದೀನಿ" ಎಂದರು. ದೇಶವೇ ಬಲ್ಲ ಆ ನಾಯಕಿ "ಆಯ್ತಜ್ಜಿ" ಎಂದು ಬರಿಗಾಲಲ್ಲಿ ಒಳನಡೆದಳು. ಆಕೆಯ ತಂಡ ಗೆದ್ದದ್ದು ಒಂದೇ ಗೋಲಿನಿಂದ.

ನನ್ನ ಮಂಡಿನೋವು ಕಡಿಮೆಯಿದೆ. ಅಂಚೆ ಕಾರ್ಡು ತುಂಬಿತು. ಹೆಸರು ಕೊಟ್ಟು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯಲು ಇಂದೇ ತೊಡಗಿರಿ.

— ನಿಮ್ಮ ಸರ್